ಗೊತ್ತಣ್ಣನೂ ಪೊರಕೆಯ ಕೋಣೆಯೂ

ನಮ್ಮ ಬೀದಿಯ ಕ್ಷೌರದಂಗಡಿಯವನಿಗೆ ಹೆತ್ತವರು ಇಟ್ಟ ಹೆಸರೇನೆಂದು ಕೇಳಿದರೆ ಅವನ ಹೆಂಡತಿಯೂ ಒಂದು ಗಳಿಗೆ ಯೋಚಿಸುತ್ತಾಳೆ. ಎಲ್ಲರಿಗೂ ಅವನು ಗೊತ್ತಣ್ಣ. ಯಾರು ಏನೇ ಕೇಳಲಿ, ಪ್ರಶ್ನೆ ಮುಗಿಯುವುದರೊಳಗೆ "ಗೊತ್ತು ಬಿಡು" ಎನ್ನುವುದು ಅವನ ವಾಡಿಕೆ. ಮೊಣಕಾಲು ನೋವಿಗೆ ಮದ್ದು, ಸೋರುವ ನಲ್ಲಿಗೆ ಉಪಾಯ, ಮುನಿಸಿಕೊಂಡ ಅತ್ತೆಯನ್ನು ಒಲಿಸಿಕೊಳ್ಳುವ ದಾರಿ, ಎಲ್ಲವೂ ಗೊತ್ತು. ಬಾಯಿ ಮುಚ್ಚಿಕೊಂಡು ಕೆಲಸ ಮಾಡುವುದೊಂದು ಗೊತ್ತಿಲ್ಲ.

ಅಂಗಡಿ ಎಂದರೆ ಅವನ ಮನೆಯ ಮುಂದಿನ ಕೋಣೆ. ಒಂದು ತಿರುಗುವ ಕುರ್ಚಿ, ಅದು ಎಡಕ್ಕೆ ಮಾತ್ರ ತಿರುಗುತ್ತದೆ. ಒಂದು ಕನ್ನಡಿ, ಅದರ ಮೂಲೆಯಲ್ಲಿ ಪಾದರಸ ಕಿತ್ತುಹೋಗಿ, ಕೂತವರಿಗೆಲ್ಲ ಒಂದು ಕಿವಿ ಕಮ್ಮಿ ಇದ್ದಂತೆ ಕಾಣುತ್ತದೆ. ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು. ಅದರ ಮೇಲೆ ಕೂದಲು ಕತ್ತರಿಸಿಕೊಳ್ಳಲು ಬಂದವರು ಅರ್ಧ, ಸುಮ್ಮನೆ ಮಾತು ಕೇಳಲು ಬಂದವರು ಅರ್ಧ. ನಾನು ಎರಡನೆಯ ಅರ್ಧದವನು. ಹಿಂದಿನ ಪರದೆ ಸರಿಸಿದರೆ ಅಡುಗೆಮನೆ. ಅಲ್ಲಿಂದ ಹೆಂಡತಿ ಬಿಸಿನೀರಿನ ಚೊಂಬನ್ನೂ ಬೈಗುಳವನ್ನೂ ಒಟ್ಟೊಟ್ಟಿಗೆ ಕಳಿಸುತ್ತಾಳೆ.

ಹೋದ ವರ್ಷದಿಂದ ಬೆಲೆಗಳಿಗೆಲ್ಲ ರೆಕ್ಕೆ ಬಂತು. ಎಣ್ಣೆ, ಸಾಬೂನು, ಅಡುಗೆ ಅನಿಲ, ಯಾವುದನ್ನು ಮುಟ್ಟಿದರೂ ಕೈ ಸುಡುವಂತಾಯಿತು. ವಿದ್ಯುತ್ ಬಿಲ್ಲು ತರುವವನನ್ನು ಕಂಡರೆ ಬೀದಿಯ ಜನ ಬಾಗಿಲು ಹಾಕಿಕೊಳ್ಳತೊಡಗಿದರು. ಬೆಂಚಿನ ಮೇಲೂ ಅದೇ ಗೋಳು. ಆಗ ಗೊತ್ತಣ್ಣ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಕಚ್ಚಿಸಿ ಹೇಳುತ್ತಿದ್ದ:

"ಗೊತ್ತು ಬಿಡು. ಅದಕ್ಕೆಲ್ಲಾ ನೆರವು ಕೊಡ್ತಾರೆ. ಪುರಸಭೆ ಕಟ್ಟಡಕ್ಕೆ ಹೋಗು. ಮಹಡಿ ಹತ್ತು. ಬಲಕ್ಕೆ ತಿರುಗು. ಮೂಲೇಲಿ ಹಸಿರು ಬಾಗಿಲು. ತಟ್ಟಬೇಡ, ಸೀದಾ ನುಗ್ಗು. ತಟ್ಟಿದ್ರೆ ಮರ್ಯಾದೆ ಕೊಡಲ್ಲ ಅವರು."

ಅವನೇನು ಆ ಮಹಡಿ ಹತ್ತಿದವನಲ್ಲ. ಎಂದೋ ಒಬ್ಬ ಗಿರಾಕಿ ತಲೆಗೆ ನೀರು ಬಿದ್ದ ಸುಖಕ್ಕೆ ತೂಕಡಿಸುತ್ತ "ಪುರಸಭೆ... ಹಸಿರು ಬಾಗಿಲು..." ಎಂದಿದ್ದನಂತೆ. ಉಳಿದದ್ದನ್ನು ಗೊತ್ತಣ್ಣ ತಾನೇ ಹೊಲಿದುಕೊಂಡಿದ್ದ. ಆದರೆ ಅವನ ಮಾತು ಕೇಳಿ ಹೋದವರೆಲ್ಲ ಮತ್ತೆ ಗಡ್ಡಕ್ಕೆ ಬಂದು ಕೂತಾಗ, "ಹೋಗಿದ್ಯಾ? ಕೆಲಸ ಆಯ್ತಾ?" ಎಂದು ಕೇಳಿದರೆ "ಹ್ಞೂಂ" ಎನ್ನುತ್ತಿದ್ದರು. ಒಬ್ಬನಾದರೂ ಉಹೂಂ ಎಂದದ್ದಿಲ್ಲ. ಗೊತ್ತಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವಂತಾಗುತ್ತಿತ್ತು.

ಇಷ್ಟರಲ್ಲಿ ಬಿಸಿ ಅವನ ಬುಡಕ್ಕೇ ಬಂತು. ಒಂದು ಬೆಳಿಗ್ಗೆ ಹೆಂಡತಿ ಪರದೆ ಸರಿಸಿ, ಚೊಂಬಿನ ಬದಲು ಬಿಲ್ಲು ಹಿಡಿದು ನಿಂತಳು.

"ರೀ, ಇದೇನು ನಮ್ಮನೆ ಬಿಲ್ಲೋ, ಸಕ್ಕರೆ ಕಾರ್ಖಾನೆದೋ?"

"ಎಲ್ಲರಿಗೂ ಹಾಗೇ ಬಂದಿದೆ ಕಣೇ."

"ಎಲ್ಲರಿಗೂ ನೀವು ಹಸಿರು ಬಾಗಿಲು ತೋರಿಸ್ತೀರಿ. ನೀವ್ಯಾಕೆ ಒಂದ್ಸಲ ಹೋಗಬಾರ್ದು?"

"ನಾನಾ? ನಾನು ದಾರಿ ಹೇಳೋನು. ಹೋಗಿ ನಿಂತ್ಕೊಳ್ಳೋನಲ್ಲ."

"ಹಾಗಾದ್ರೆ ಈ ಕೋಣೆ ಬಾಡಿಗೆಗೆ ಕೊಡೋಣ. ನೀವು ಆ ಗಾಜಿನಂಗಡಿ ಸೇರ್ಕೊಳ್ಳಿ. ನಾನು ಕೇಳಾಯ್ತು. ಬರೋ ತಿಂಗಳಿಂದ ಬರಲಿ ಅಂದಿದ್ದಾರೆ."

ಗೊತ್ತಣ್ಣನ ಕೈಲಿದ್ದ ಬ್ರಷ್ಷು ಗಿರಾಕಿಯ ಮೂಗಿನೊಳಗೆ ಹೋಯಿತು.

ಗಾಜಿನಂಗಡಿ ಎಂದರೆ ಮುಖ್ಯ ರಸ್ತೆಯಲ್ಲಿ ಹೊಸದಾಗಿ ಬಂದ ಕ್ಷೌರದಂಗಡಿ. ಅಂದು ಮಧ್ಯಾಹ್ನವೇ ಅವನು ಹೋಗಿ ಹೊರಗಿನಿಂದ ಇಣುಕಿದ. ನಾಲ್ಕು ಗೋಡೆಗೂ ಕನ್ನಡಿ, ಎಲ್ಲರಿಗೂ ಎರಡೂ ಕಿವಿ ಸರಿಯಾಗಿ ಕಾಣುತ್ತಿದ್ದವು. ಗಿರಾಕಿಗಳು ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದರು. ಕೆಲಸದವರು ಕಪ್ಪಂಗಿ ತೊಟ್ಟು ಮೂಗರ ಹಾಗೆ ನಿಂತಿದ್ದರು. ಗಿರಾಕಿ ಎರಡು ಬೆರಳು ತೋರಿಸಿದರೆ ಕೆಲಸದವನು ತಲೆಯಾಡಿಸಬೇಕು, ಒಂದು ಬೆರಳು ತೋರಿಸಿದರೆ ನಗಬೇಕು. ಒಳಗೋಡೆಯ ಮೇಲೆ ಕೆಲಸದವರಿಗೆಂದೇ ಒಂದು ಸೂಚನೆ: ಗ್ರಾಹಕರೊಡನೆ ಮಾತು ನಿಷಿದ್ಧ.

ಮನೆಗೆ ಬಂದವನೇ ಅಡುಗೆಮನೆಯ ಮಣೆಯ ಮೇಲೆ ಕುಸಿದ.

"ಅಲ್ಲಿ ಸೇರಿದ್ರೆ ನಾನು ಹೋಗೇಬಿಡ್ತೀನಿ ಕಣೇ."

"ಎಲ್ಲಿಗೆ?"

"ಮೇಲಕ್ಕೆ! ಆಡದೇ ಇರೋ ಮಾತೆಲ್ಲಾ ಹೊಟ್ಟೇಲಿ ಕೊಳೆತು ವಿಷ ಆಗುತ್ತೆ. ವೈದ್ಯಶಾಸ್ತ್ರದಲ್ಲೇ ಇದೆ."

"ಯಾವ ವೈದ್ಯಶಾಸ್ತ್ರ?"

"ಗೊತ್ತು ಬಿಡು."

"ಹಾಗಾದ್ರೆ ನಾಳೆ ಹಸಿರು ಬಾಗಿಲು," ಎಂದಳು ಹೆಂಡತಿ. ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಕತ್ತರಿ ಸಾಣೆ ಹಿಡಿಸಿಕೊಂಡು ಬರುತ್ತೇನೆಂದು ನಮಗೆಲ್ಲ ಹೇಳಿ ಹೊರಟ. ಬೇಸಿಗೆಯ ಬಿಸಿಲಿನಲ್ಲಿ ಕಿವಿಯ ಮೇಲೆ ಮಫ್ಲರು, ಹಣೆಯ ಮೇಲೆ ಟೋಪಿ, ಕಣ್ಣಿಗೆ ಮಾವನ ಕಾಲದ ಕಪ್ಪು ಕನ್ನಡಕ. ಕತ್ತರಿಯನ್ನು ಮಾತ್ರ ಕುರ್ಚಿಯ ಮೇಲೇ ಬಿಟ್ಟುಹೋಗಿದ್ದ. ನಾವೂ ಸುಮ್ಮನಿದ್ದೆವು. ಮುಂದೆ ನಡೆದದ್ದನ್ನೆಲ್ಲ ಅವನ ಬಾಯಿಂದಲೇ ಹೊರಡಿಸಿಕೊಂಡು, ಆಮೇಲೆ ಹೆಂಡತಿಯೇ ನಮಗೆ ಬಿಡಿಸಿ ಬಿಡಿಸಿ ಹೇಳಿದಳು. ಅವನು ಅಲ್ಲೇ ನಿಂತು, ತನಗೆ ಬೇಡವಾದ ಕಡೆಯಲ್ಲೆಲ್ಲ ಕೆಮ್ಮುತ್ತಿದ್ದ.

ಪುರಸಭೆಯ ಕಟ್ಟಡಕ್ಕೆ ಹೋದ. ಮಹಡಿ ಹತ್ತಿದ. ಬಲಕ್ಕೆ ತಿರುಗಿದ. ಮೂಲೆಯಲ್ಲಿ ಹಸಿರು ಬಾಗಿಲು ಇದ್ದೇ ಇತ್ತು! ಗೊತ್ತಣ್ಣನಿಗೆ ತನ್ನ ಮೇಲೆ ತನಗೇ ಗೌರವ ಉಕ್ಕಿತು. ಊರವರಿಗೆ ಹೇಳಿದಂತೆಯೇ ತಟ್ಟದೆ, ಭುಜ ಕೊಟ್ಟು ಸೀದಾ ನುಗ್ಗಿದ.

ಉದ್ದ ಕೋಲಿನ ಪೊರಕೆಗಳು ಒಂದರ ಹಿಂದೊಂದು ಅವನ ಮೇಲೆ ಮಲಗಿದವು. ಟೋಪಿ ಒಂದು ಕಡೆ, ಕನ್ನಡಕ ಒಂದು ಕಡೆ ಹಾರಿದವು. ಒಂದು ಕಾಲು ಬಕೆಟ್ಟಿನೊಳಗೆ ಹೋಗಿ ಕೂತಿತು. ಧೂಳು ಇಳಿದ ಮೇಲೆ ನೋಡುತ್ತಾನೆ, ಕಟ್ಟಡದ ಕಸ ಗುಡಿಸುವ ಹೆಂಗಸು ಇನ್ನೊಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದಾಳೆ. ಚಹಾ ಲೋಟವನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಹಿಡಿದಿದ್ದಾಳೆ.

"ಇವತ್ತು ಉಳಿಸ್ಕೊಂಡೆ," ಎಂದಳು ಆಕೆ ಲೋಟ ಇಳಿಸುತ್ತ. "ಏಳಿ ಯಜಮಾನ್ರೇ. ನಿಮಗೂ ತಟ್ಟಬೇಡ ಅಂದನಾ ಆ ಕ್ಷೌರದಂಗಡಿಯವನು?"

"ಯಾ... ಯಾವ ಕ್ಷೌರದಂಗಡಿ?"

"ಅದೇ, ಯಾರೋ ಗೊತ್ತಣ್ಣ ಅಂತೆ. ಲೋಕದಲ್ಲಿರೋದೆಲ್ಲಾ ಗೊತ್ತಂತೆ. ಈ ಕೋಣೇಲಿ ಏನಿದೆ ಅನ್ನೋದು ಬಿಟ್ಟು. ಮೊನ್ನೆ ಒಬ್ಬ ಅಜ್ಜ ನುಗ್ಗಿ ನನ್ನ ಚಹಾ ಚೆಲ್ಲಿದ. ಅದಕ್ಕೆ ಮೊದಲು ಒಬ್ಬ ಬಂದು ನನ್ನನ್ನೇ ಅಧಿಕಾರಿ ಅಂತ ತಿಳ್ಕೊಂಡು ಕಷ್ಟ ಎಲ್ಲಾ ತೋಡ್ಕೊಂಡು ಅತ್ತ. ಅವನು ಅಳೋದು ನೋಡಿ ನಾನೂ ಅತ್ತೆ. ಇಬ್ರೂ ನೆಲ ಒರೆಸೋ ಬಟ್ಟೇಲೇ ಮೂಗು ಒರೆಸ್ಕೊಂಡ್ವಿ."

"ಛೆ ಛೆ," ಎಂದ ಗೊತ್ತಣ್ಣ, ಬಕೆಟ್ಟಿನಿಂದ ಕಾಲು ಕೀಳುತ್ತ. "ಬಲು ತಲೆಹರಟೆ ಮನುಷ್ಯ ಅಂತ ನಾನೂ ಕೇಳಿದ್ದೀನಿ. ಆದ್ರೆ ಹೋದವರೆಲ್ಲಾ ಕೆಲಸ ಆಯ್ತು ಅಂತ ಹೇಳ್ತಾರಂತಲ್ಲ ಅವನ ಹತ್ರ?"

"ನಾನೂ ಅದನ್ನೇ ಕೇಳ್ದೆ ಜನರನ್ನ. ಹೋಗಿ ಅವನ ಮುಖಕ್ಕೆ ಉಗೀಬಾರ್ದಾ ಅಂದೆ. 'ಅಮ್ಮಾ, ಅವನು ಕೇಳೋ ಹೊತ್ತಿಗೆ ಕತ್ತಿ ನಮ್ಮ ಗಂಟಲ ಮೇಲಿರುತ್ತೆ, ಹ್ಞೂಂ ಅನ್ನದೆ ಇನ್ನೇನನ್ನೋದು' ಅಂದ್ರು."

ಗೊತ್ತಣ್ಣ ಬಾಯಿ ತೆರೆದ. ಅದರಿಂದ ಏನೂ ಹೊರಬರಲಿಲ್ಲ. ಅವನ ಮದುವೆಯಾದಂದಿನಿಂದ ಇದೇ ಮೊದಲ ಸಲ ಎಂದು ಹೆಂಡತಿ ಇಲ್ಲಿ ಒತ್ತಿ ಹೇಳಿದಳು.

"ನೆರವು ಕೊಡೋ ಮೇಜು ಕೆಳಗಿದೆ ಯಜಮಾನ್ರೇ, ಮೆಟ್ಟಿಲ ಪಕ್ಕದಲ್ಲೇ. ಬಾಗಿಲಷ್ಟು ದೊಡ್ಡ ಬೋರ್ಡಿದೆ. ಅದರ ಮುಂದೇನೇ ಹಾದು ಮೇಲೆ ಬರ್ತೀರಲ್ಲ ಎಲ್ಲಾ! ನಡೀರಿ, ನಾನೇ ಬಿಟ್ಟು ಬರ್ತೀನಿ. ನಿಮ್ಮನ್ನ ಬಿಟ್ರೆ ನೀರಿನ ಟ್ಯಾಂಕಿಗೆ ಇಳೀತೀರಿ."

ಆಕೆ ಒಂದು ಪೊರಕೆ ಹೆಗಲ ಮೇಲಿಟ್ಟುಕೊಂಡು ಮುಂದೆ, ಅವನು ಬಾಲ ಮುದುರಿಕೊಂಡು ಹಿಂದೆ. ಕೆಳಗಿನ ಮೇಜಿನಲ್ಲಿ ಕನ್ನಡಕದ ಮೇಡಂ ಒಬ್ಬರಿದ್ದರು. ಕೂರಿಸಿ, ನೀರು ಕೊಟ್ಟು, ಬಿಲ್ಲು ಈಸಿಕೊಂಡು ನೋಡಿದರು.

"ಇದು ಅಂಗಡಿ ದರದ ಬಿಲ್ಲು. ಮನೇಲಿ ಏನಾದ್ರೂ ಕೆಲಸ ನಡೆಸ್ತೀರಾ?"

"ಏನೋ, ಹೀಗೇ, ಸ್ವಲ್ಪ. ತಲೆ ಕೆಲಸ."

"ಮೇಷ್ಟ್ರಾ?"

"ಮಕ್ಕಳೂ ಬರ್ತಾರೆ. ಅಳ್ತಾರೆ."

"ಡಾಕ್ಟ್ರಾ?"

"ಕತ್ತಿ ಕತ್ತರಿ ಹಿಡೀತೀನಿ. ಆದ್ರೆ ಅಷ್ಟು ಆಳಕ್ಕೆ ಹೋಗಲ್ಲ."

ಮೇಡಂ ಲೇಖನಿ ಕೆಳಗಿಟ್ಟರು. "ನೋಡಿ ಸರ್. ಮನೆಗೂ ಅಂಗಡಿಗೂ ಒಂದೇ ಮೀಟರ್ ಇದ್ದರೆ ಅಡುಗೆಮನೆ ದೀಪಕ್ಕೂ ಅಂಗಡಿ ದರ ಬೀಳುತ್ತೆ. ಅದಕ್ಕೇ ನಿಮ್ಮ ಬಿಲ್ಲು ಹೀಗೆ. ಬೇರೆ ಮೀಟರ್ ಹಾಕಿಸಿದ್ರೆ ಮನೆಗೆ ಮನೆ ದರ ಆಗುತ್ತೆ, ಮೇಲೆ ರಿಯಾಯಿತಿನೂ ಸಿಗುತ್ತೆ. ಸಣ್ಣ ಅಂಗಡಿಯವರಿಗೆ ಮೀಟರಿನ ಖರ್ಚು ನಾವೇ ಕೊಡ್ತೀವಿ. ಆದ್ರೆ ಯಾವ ಅಂಗಡಿ, ಎಲ್ಲಿ ಅಂತ ಹೇಳ್ಲೇಬೇಕು. ಬಂದು ನೋಡ್ತೀವಿ."

ಗೊತ್ತಣ್ಣನ ಹಣೆಯ ಬೆವರು ಮಫ್ಲರಿನೊಳಗೆ ಇಳಿಯಿತು. ಹೇಳಿದರೆ ಬೆನ್ನ ಹಿಂದೆ ಪೊರಕೆ. ಹೇಳದಿದ್ದರೆ ಬರುವ ತಿಂಗಳಿಂದ ಗಾಜಿನಂಗಡಿಯ ಕಪ್ಪಂಗಿ. ಪೊರಕೆಯ ಏಟಾದರೆ ಒಂದು ವಾರಕ್ಕೆ ಮಾಯುತ್ತದೆ ಎಂದು ಲೆಕ್ಕ ಹಾಕಿದ.

"ಕ್ಷೌರದಂಗಡಿ," ಎಂದ, ಸೊಳ್ಳೆಯ ದನಿಯಲ್ಲಿ. ಬೀದಿಯನ್ನೂ ಹೇಳಿದ.

ಪೊರಕೆಯವಳ ಕಿವಿ ನಿಮಿರಿತು. "ಆ ಗೊತ್ತಣ್ಣನ ಅಂಗಡಿ ಪಕ್ಕದಲ್ಲಾ?"

"ಪಕ್ಕದಲ್ಲಿ ಅಲ್ಲ."

"ಎದುರಿಗಾ?"

"ಎದುರಿಗೂ ಅಲ್ಲಮ್ಮ. ಒಳಗೆ."

 ಪೊರಕೆ ಮೇಲೆದ್ದಿತು. ಗೊತ್ತಣ್ಣ ಮೇಜಿನ ಕೆಳಗೆ ತೂರಿದ. ಮೇಡಂ ಕನ್ನಡಕ ಜಾರಿ ಬೀಳುವಷ್ಟು ನಕ್ಕು, ನಗುನಗುತ್ತಲೇ ಪೊರಕೆಯ ಕೋಲನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ನೀವೇನಾ! ಈ ಮೇಜಿಗೆ ಬರೋ ಅರ್ಧ ಜನ ನೀವು ಕಳಿಸಿದವರೇ. ಸ್ವಲ್ಪ ಸುತ್ತು ಹಾಕ್ಕೊಂಡು ಬರ್ತಾರೆ, ಅಷ್ಟೆ."

ಮೇಜಿನ ಕೆಳಗಿನಿಂದ ತಲೆಯೊಂದು ಹೊರಬಂತು. "ಅಂದ್ರೆ ಬಂದವರಿಗೆ ನೆರವು ಸಿಕ್ಕಿದೆ?"

"ಸುಮಾರು ಜನಕ್ಕೆ ಸಿಕ್ಕಿದೆ."

"ನೋಡಿದ್ರಾ! ನನ್ನ ಸಲಹೆ ಕೆಲಸ ಮಾಡಿದೆ!"

"ಕೆಲಸ ಮಾಡಿದ್ದು ನಾನು!" ಎಂದಳು ಪೊರಕೆಯವಳು. ಇಷ್ಟು ಹೊತ್ತು ಬಹುವಚನದಲ್ಲಿ ಮಾತಾಡಿದ್ದವಳು ಈಗ ಏಕವಚನಕ್ಕೆ ಇಳಿದಿದ್ದಳು. "ನೀನು ಕಳಿಸಿದ ಒಂದೊಂದು ತಲೆನೂ ಕೆಳಗೆ ತಂದು ಮುಟ್ಟಿಸಿದ್ದೀನಿ. ಅದಕ್ಕೆ ಬದಲಾಗಿ ನಮ್ಮನೆ ತಲೆಗಳನ್ನೆಲ್ಲಾ ನೀನು ನೋಡ್ಕೋಬೇಕು. ಈ ವರ್ಷ ಪೂರ್ತಿ. ಬಿಟ್ಟಿ."

"ಆಗಲಿ ತಾಯಿ. ಎಷ್ಟು ತಲೆ ಇದ್ರೂ ಬರಲಿ," ಎಂದ ಗೊತ್ತಣ್ಣ ಮೇಜಿನ ಕೆಳಗಿನಿಂದಲೇ.

ಮುಂದಿನ ವಾರ ಮೇಡಂ ಬಂದು ನೋಡಿದರು. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತು, ಕನ್ನಡಿಯಲ್ಲಿ ತಮ್ಮ ಒಂದು ಕಿವಿ ಹುಡುಕಿಕೊಂಡು ಹೋದರು. ಅದರ ಹಿಂದೆಯೇ ಹೊಸ ಮೀಟರ್ ಬಂತು. ಅಡುಗೆಮನೆಯ ಕಡೆಯ ಮೀಟರು ತನ್ನದು, ಅದರ ತಂಟೆಗೆ ಬಂದರೆ ಬಿಸಿನೀರು ಬಂದ್ ಎಂದು ಹೆಂಡತಿ ಸಾರಿದಳು. ಮೊದಲ ಬಿಲ್ಲು ನೋಡಿ ಆಕೆಯೇ ಗಾಜಿನಂಗಡಿಗೆ ಹೋಗಿ, ನಮ್ಮೆಜಮಾನ್ರು ಬರೋದಿಲ್ಲ ಎಂದು ಹೇಳಿ ಬಂದಳು. ಗೊತ್ತಣ್ಣ ಈಗ ಗಿರಾಕಿಗಳಿಗೆ "ಕೆಳಗೇ, ಮೆಟ್ಟಿಲ ಪಕ್ಕ, ದೊಡ್ಡ ಬೋರ್ಡು" ಎಂದು ಹೇಳುತ್ತಾನೆ. ಆ ಮೇಜನ್ನು ತಾನೇ ಬಡಗಿಗೆ ಹೇಳಿ ಮಾಡಿಸಿದ್ದೇನೋ ಎನ್ನುವ ಗತ್ತು ಮಾತ್ರ ಹೋಗಿಲ್ಲ.

ರಜೆಯ ದಿನ ಪೊರಕೆಯವಳು ಸಂಸಾರ ಸಮೇತ ಬಂದಳು. ಗಂಡುಮಕ್ಕಳು, ಮೈದುನ, ಮೈದುನನ ಮಕ್ಕಳು. ಕಾಡಿನಂಥ ತಲೆಗಳು. ಗೊತ್ತಣ್ಣ ಬೆಳಗಿನಿಂದ ಕತ್ತರಿಸಿ, ನೆಲದ ಮೇಲೆ ಹಾಸಿಗೆ ತುಂಬುವಷ್ಟು ಕೂದಲು ಕೆಡವಿದ. ಬಾಯಿಗೂ ಬಿಡುವಿರಲಿಲ್ಲ, ಮೈದುನನ ಮೊಣಕಾಲಿಗೆ ಮದ್ದು ಹೇಳಿಯಾಗಿತ್ತು. ಕಟ್ಟಕಡೆಗೆ ಆಕೆ ಗಂಡನನ್ನು ಮುಂದೆ ದಬ್ಬಿದಳು. ಪಾಪ, ಮಾತಿಲ್ಲದ ಮನುಷ್ಯ. ತಲೆಯೋ, ತೊಳೆದಿಟ್ಟ ತಟ್ಟೆ.

"ಇವರದ್ದೂ," ಎಂದಳು.

"ಇದರಲ್ಲಿ ಏನಿದೆಯಮ್ಮ ಕತ್ತರಿಸೋಕೆ?"

"ಮಾತು ಅಂದ್ರೆ ಮಾತು. ಎಲ್ಲಾ ತಲೆನೂ ಅಂದಿದ್ದೆ."

ಗೊತ್ತಣ್ಣ ನಮ್ಮ ಕಡೆ ನೋಡಿದ. ನಾವು ಸೂರು ನೋಡಿದೆವು. ಅವನು ನಿಟ್ಟುಸಿರು ಬಿಟ್ಟು, ಬಿಳಿ ಬಟ್ಟೆಯನ್ನು ಕೊಡವಿ ಆ ಮನುಷ್ಯನ ಕೊರಳಿಗೆ ಕಟ್ಟಿ, ತಲೆಗೆ ನೀರು ಚಿಮುಕಿಸಿ, ಸುತ್ತಲೂ ಗಾಳಿಯಲ್ಲಿ ಕತ್ತರಿ ಆಡಿಸತೊಡಗಿದ. ಆಡಿಸುತ್ತ ಆಡಿಸುತ್ತ ಮಾತಿಗೆ ಕುದುರಿದ. ಸೋರುವ ನಲ್ಲಿಯಿಂದ ಹಿಡಿದು ಗಾಜಿನಂಗಡಿಯ ಮೂಗರವರೆಗೆ ಬಂದ. ಪೂರಾ ತಲೆಕೂದಲಿದ್ದವನಿಗೆ ಹಿಡಿಯುವಷ್ಟು ಹೊತ್ತೂ ಹಿಡಿಯಿತು. ಕೊನೆಗೆ ಬಟ್ಟೆ ಬಿಚ್ಚಿ, ಕುತ್ತಿಗೆಗೆ ಪೌಡರ್ ಬಡಿದು, ಕುರ್ಚಿಯನ್ನು ಎಡಕ್ಕೆ ತಿರುಗಿಸಿ, "ಹೇಗಿದೆ?" ಎಂದ.

ಆ ಮನುಷ್ಯ ಕನ್ನಡಿಯ ಹತ್ತಿರ ಬಾಗಿ ಆ ಕಡೆ ಈ ಕಡೆ ನೋಡಿಕೊಂಡ. ತಲೆಯ ಮೇಲೆ ಕೈಯಾಡಿಸಿಕೊಂಡ. ಅಂದು ಬೆಳಗಿನಿಂದ ಅವನು ಆಡಿದ್ದು ಒಂದೇ ಮಾತು:

"ಪಕ್ಕದಲ್ಲಿ ಇನ್ನೂ ಸ್ವಲ್ಪ ಸಣ್ಣ ಮಾಡಿ."