ಹರಳಿನೊಳಗಿನ ಕಂಡಕ್ಟರ್

ಕಬ್ಬಿನ ಸುಗ್ಗಿಯ ದಿನಗಳು. ಅಥಣಿಯಿಂದ ಉಗಾರಕ್ಕೆ ಹೊರಟ ಬಸ್ಸಿನಲ್ಲಿ ನನಗೆ ಕಿಟಕಿ ಸೀಟು ಸಿಕ್ಕಿತ್ತು. ಅಲ್ಲಿನ ಶಾಲೆಯಲ್ಲಿ ತೋರಿಸಲೆಂದು ಮಡಿಲಲ್ಲಿ ಕಾಲೇಜಿನ ಸೂಕ್ಷ್ಮದರ್ಶಕ, ಅಂಗಿಯ ಕಿಸೆಯಲ್ಲಿ ಒಂದು ಗಾಜಿನ ಪಟ್ಟಿ ಇಟ್ಟುಕೊಂಡಿದ್ದೆ. ತಲೆನೋವಿನ ಗುಳಿಗೆಯ ಮದ್ದನ್ನು ಆ ಗಾಜಿನ ಮೇಲೆ ಕರಗಿಸಿ ಆರಲು ಬಿಟ್ಟಿದ್ದೆ. ಅದರಲ್ಲಿ ಬೆಳೆದ ಹರಳುಗಳು ಹಗ್ಗದ ಹಾಗೆ ತಿರುಚಿಕೊಂಡಿದ್ದವು.

ಪಕ್ಕದಲ್ಲಿ ಕಾಗವಾಡದ ದ್ರಾಕ್ಷಿ ತೋಟದ ಕಾಕಾ, ಅವರಾಚೆ ಅವರ ಹೆಂಡತಿ. ಕಾಕಾ ಎಲ್ಲ ವಿಚಾರಿಸಿಕೊಂಡು, "ಸಕ್ರಿ ಹರಳು ನೆಟ್ಟಗ ಇರ್ತಾವಲ್ರಿ ಮಾಸ್ತರ. ಇವಕ್ಕೇನಾಗೇತಿ?" ಎಂದರು.

ಇದರಲ್ಲಿ ಒಂದೊಂದು ಅಣುವೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ ಎಂದೆ. ಕಾಕಾ ಆಕಳಿಸಿದರು.

ದಾರಿಯಲ್ಲಿ ವಯಸ್ಸಾದ ಒಬ್ಬ ಆಯಿ ಹತ್ತಿದಳು. "ಸರೀರಿ ಒಂದೀಟು, ಆಯಿ ಕೂಡ್ಲಿ," ಎಂದ ಕಂಡಕ್ಟರ್. ಮೂವರ ಸೀಟಿನಲ್ಲಿ ನಾಲ್ವರು ಕೂರುವ ವಿದ್ಯೆ ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಆಯಿ ನೆಟ್ಟಗೆ ಕೂತಳು. ಕಾಕಾನ ಹೆಂಡತಿ ಹೆಗಲು ತುಸು ತಿರುವಿದರು, ಕಾಕಾ ಇನ್ನಷ್ಟು ತಿರುಗಿದರು, ನಾನು ಪೂರ್ತಿ ಕಿಟಕಿಗೆ ಮುಖ ಮಾಡಿದೆ. ಕಿಸೆಯ ಗಾಜು ಕಿಟಕಿಯ ಸರಳಿಗೆ ಒತ್ತಿ ಮುರಿಯುವುದೊಂದೇ ಬಾಕಿ.

"ನೋಡ್ರಿ ಕಾಕಾ, ಹರಳು ತಿರುಚೂದು ಹಿಂಗ," ಎಂದು ಹೊರಗಿನ ಕಬ್ಬಿಗೆ ಹೇಳಿದೆ.

"ಹಂಗಾರ ಅದರಾಗ 'ಸರೀರಿ' ಅನ್ನಾಂವ ಯಾರ್ರಿ?"

ಓದಿದವರಲ್ಲೇ ಕೆಲವರು ಹರಳಿನೊಳಗಿನ ಬಿಗಿತವೇ ಕಾರಣ ಅಂತಾರೆ, ಕೆಲವರು ಅದರಲ್ಲಿ ಸೇರಿಕೊಂಡ ಬೆರಕೆ ಅಂತಾರೆ.

ಪುಣ್ಯಕ್ಕೆ ಗಾಜು ಉಳಿಯಿತು. ಶಾಲೆಯಲ್ಲಿ ಹೆಡ್‌ಮಾಸ್ತರರು ಕಣ್ಣಿಟ್ಟು ನೋಡಿ, "ಇವು ಯಾಕ ಹಿಂಗ ತಿರುಚ್ಯಾವ್ರಿ?" ಎಂದು ಕೇಳಿದರು.

"ಒಳಗ ಒಬ್ಬ ಕಂಡಕ್ಟರ್ ಅದಾನ್ರಿ ಸರ್," ಎಂದೆ. "ಯಾರಂತ ಇನ್ನೂ ಗೊತ್ತಾಗಿಲ್ಲ."