ನೀರು ಬೇಡದ ಕಾರಿನ ಲಾರೆನ್ಸ್ ಪೊರ್ಬುಗಳು

ಲಾರೆನ್ಸ್ ಪೊರ್ಬುಗಳು ಕಾರು ನಿಲ್ಲಿಸಿದ ಕೂಡಲೇ ಕೆಳಗಿಳಿಯುತ್ತಿರಲಿಲ್ಲ. ಚಾವಿ ತೆಗೆದು ಜೇಬಿಗೆ ಹಾಕಿ, ಕಿಟಕಿಯ ಗಾಜು ಇಳಿಸಿ, ತಲೆಯನ್ನು ಹಿಂದಕ್ಕೆ ಆನಿಸಿ ಕೂತುಬಿಡುತ್ತಿದ್ದರು. ಬೆನ್ನ ಹಿಂದೆ ಕಾದಿದ್ದ ಎಂಜಿನ್ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುವುದನ್ನು ಕೊನೆಯವರೆಗೆ ಕೇಳಿಯೇ ಅವರು ಏಳುವುದು. ಪಕ್ಕದಲ್ಲಿ ಹೆಂಡತಿ ಐರಿನ್ ಬಾಯಿ, ಅವರ ಮಡಿಲಲ್ಲಿ ಮೀನಿನ ಚೀಲ. "ಬಂಗುಡೆ ಹಾಳಾಗ್ತದೆ, ಇಳಿಯಿರಿ ಮಾರಾಯ್ರೆ" ಎಂದು ಅವರು ಗೊಣಗಿದರೆ, "ಅದು ಮಾತಾಡ್ತಾ ಉಂಟು. ನಡುವಿಂದ ಎದ್ದು ಹೋಗ್ಲಿಕ್ಕೆ ಆಗ್ತದಾ?" ಎಂದು ಇವರು. ಗಂಡಹೆಂಡಿರ ಮನೆಮಾತು ಕೊಂಕಣಿ. ಆದರೆ ಬೇಲಿಯಾಚೆ ನಾನು ನಿಂತಿದ್ದರೆ ಮರ್ಯಾದೆಗಾಗಿ ಜಗಳವನ್ನೂ ಕನ್ನಡದಲ್ಲೇ ಆಡುತ್ತಿದ್ದರು.

ಬಿಜೈಯಲ್ಲಿ ನಮ್ಮ ಮನೆ, ಅವರ ಮನೆ ಅಕ್ಕಪಕ್ಕ. ಕ್ರೈಸ್ತ ಗಂಡಸರನ್ನು ನಾವು ತುಳುವರು ಮರ್ಯಾದೆಯಿಂದ ಪೊರ್ಬುಗಳು, ಹೆಂಗಸರನ್ನು ಬಾಯಿ ಎನ್ನುತ್ತೇವೆ, ಅವರು ನನ್ನನ್ನು ಶೆಟ್ರೇ ಎನ್ನುತ್ತಿದ್ದರು. ನಾನು ವಾಹನ ವಿಮೆಯ ಸರ್ವೇಯರ್. ಗುದ್ದಿದ, ಸುಟ್ಟ, ಹೊಳೆಗೆ ಬಿದ್ದ ಗಾಡಿಗಳನ್ನು ನೋಡಿ, ರಿಪೇರಿಯಾಗುತ್ತದೋ ಗುಜರಿಗೆ ಹಾಕಬೇಕೋ ಎಂದು ಬರೆದುಕೊಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಯಾರಾದರೂ ಕಾರಿನ ಮೇಲೆ ಪ್ರೀತಿ ತೋರಿಸಿದರೆ ನನಗೆ ಸ್ವಲ್ಪ ನಗು ಬರುತ್ತದೆ. ಪೊರ್ಬುಗಳ ವಿಷಯದಲ್ಲಿ ಮಾತ್ರ ಹೆಚ್ಚು ದಿನ ನಗಲು ಆಗಲಿಲ್ಲ.

ಅವರು ಬಹಳ ವರ್ಷ ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದವರು. ಅಲ್ಲಿನ ಒಬ್ಬ ಧಣಿಯ ಮನೆಯಲ್ಲಿ ಒಂದು ಜರ್ಮನ್ ಸ್ಪೋರ್ಟ್ಸ್ ಕಾರು ನೋಡಿದ್ದರಂತೆ. ಊರಿಗೆ ಬಂದವರು ಚಿಕ್ಕಮಗಳೂರಿನ ಒಬ್ಬ ಪ್ಲಾಂಟರ ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಅಂಥದೇ ಒಂದು ಕಾರನ್ನು ಹುಡುಕಿ, ಲಾರಿಯ ಮೇಲೆ ಹೇರಿ ತಂದರು. ಕುಳ್ಳಗೆ, ಬೆನ್ನು ಬಾಗಿಸಿ ಕೂತ ಆಮೆಯಂತಿತ್ತು. ಮುಂದಿನ ಬಾನೆಟ್ ಎತ್ತಿದರೆ ಡಿಕ್ಕಿ, ಹಿಂದಿನ ಡಿಕ್ಕಿ ಎತ್ತಿದರೆ ಎಂಜಿನ್. ರೇಡಿಯೇಟರ್ ಎಂಬುದೇ ಇಲ್ಲ. ದೊಡ್ಡದೊಂದು ಫ್ಯಾನ್ ಬೀಸುವ ಗಾಳಿಯಿಂದಲೇ ಎಂಜಿನ್ ತಂಪಾಗಬೇಕು.

"ಇದರಲ್ಲಿ ಏಸಿ ಇಲ್ಲ, ನೀರಿಲ್ಲ, ಹಿಂದೆ ಕೂತ್ಕೊಳ್ಳಿಕ್ಕೆ ಸರಿ ಜಾಗ ಇಲ್ಲ. ಮತ್ತೆ ಉಂಟು ಎಂತದು?" ಎಂದು ಐರಿನ್ ಬಾಯಿ ಮೊದಲ ದಿನವೇ ಕೇಳಿದ್ದರು. ಕೇಳಿದ್ದು ನ್ಯಾಯವಾಗಿಯೇ ಇತ್ತು.

ನಾನೂ ಅದನ್ನೇ ಕೇಳಿದೆ. ಪೊರ್ಬುಗಳು ನನ್ನನ್ನು ಕೂರಿಸಿಕೊಂಡು ಬಲ್ಮಠದ ಏರಿನವರೆಗೆ ಹೋಗಿ ಬಂದರು. "ಕೇಳಿದ್ರಾ? ನೀರಿನ ಎಂಜಿನಿಗೆ ಸುತ್ತ ನೀರಿನ ಹೊದಿಕೆ ಉಂಟು, ಶಬ್ದವನ್ನೆಲ್ಲ ಅದು ನುಂಗ್ತದೆ. ಇದಕ್ಕೆ ಹೊದಿಕೆ ಇಲ್ಲ. ಎಂತ ನೋವಿದ್ರೂ ನಿಮಗೆ ಕೇಳ್ತದೆ, ಎಂತ ಖುಷಿ ಇದ್ರೂ ಕೇಳ್ತದೆ. ಮುಚ್ಚುಮರೆ ಗೊತ್ತಿಲ್ಲ ಪಾಪದ್ದಕ್ಕೆ." ಮಿಷನಿನ ಬಗ್ಗೆ ಇಷ್ಟು ಮಾತಾಡಿದ ಈ ಮನುಷ್ಯ ತನ್ನ ಬಗ್ಗೆ ಒಂದು ಮಾತನ್ನೂ ಬಾಯಿಬಿಟ್ಟು ಹೇಳುವವರಲ್ಲ ಎನ್ನುವುದು ನನಗೆ ತಿಳಿದದ್ದು ನಿಧಾನವಾಗಿ.

ಸ್ಪೋರ್ಟ್ಸ್ ಕಾರೆಂದು ಹೆಸರೇ ಹೊರತು ಅವರು ಅದನ್ನು ಜೋರಾಗಿ ಓಡಿಸಿದ್ದನ್ನು ನಾನು ನೋಡಿಲ್ಲ. "ಅವಸರ ಇದ್ದವರು ರಿಕ್ಷಾದಲ್ಲಿ ಹೋಗ್ಲಿ" ಎನ್ನುವುದು ಅವರ ಮಾತು. ನಮ್ಮ ಊರಿನ ರಸ್ತೆಯುಬ್ಬುಗಳು, ಅಂದರೆ ಹಂಪುಗಳಂತೂ, ಅವರ ಜನ್ಮವೈರಿಗಳು. ಕಾರಿನ ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ. ಹಂಪು ಬಂದರೆ ಕಾರು ನಿಲ್ಲುತ್ತಿತ್ತು, ಐರಿನ್ ಬಾಯಿ ಇಳಿಯುತ್ತಿದ್ದರು. ಕಾರು ಓರೆಯಾಗಿ ಹಂಪು ದಾಟಿದ ಮೇಲೆ, ಪರ್ಸ್ ಹಿಡಿದುಕೊಂಡು ನಡೆದು ಬಂದು ಪುನಃ ಹತ್ತುತ್ತಿದ್ದರು. ಹಿಂದೆ ಸಿಟಿ ಬಸ್ಸಿನವನ ಹಾರ್ನು, ಕಿಟಕಿಯಲ್ಲಿ ತಲೆಗಳು. ಭಾನುವಾರ ಇಗರ್ಜಿಗೆ ಹೋಗಿ ಬರುವಷ್ಟರಲ್ಲಿ ಐರಿನ್ ಬಾಯಿಗೆ ಅರ್ಧ ದಾರಿ ನಡೆದೇ ಆಗುತ್ತಿತ್ತು. "ನಾನು ನಡ್ಕೊಂಡು ಹೋಗ್ತೇನೆ, ಇವರು ಕಾರಲ್ಲಿ ನನ್ನೊಟ್ಟಿಗೆ ಬರ್ತಾರೆ" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿ ನಗುತ್ತಿದ್ದರು. ಆ ನಗುವಿನಲ್ಲಿ ಹೆಮ್ಮೆ ಎಷ್ಟಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇಂಥ ಕಾರುಗಳಿಗೆ ಈಗ ಹುಚ್ಚು ಹಿಡಿದವರ ಸಂತೆಯೇ ಇದೆ. ಬೆಂಗಳೂರಿನಿಂದ ಪ್ರಸಾದ್ ಎಂಬ ಸಂಗ್ರಾಹಕರೊಬ್ಬರು ಹುಡುಕಿಕೊಂಡು ಬಂದರು. ಟಾರ್ಚ್ ಹಿಡಿದು ಎಂಜಿನ್ ಮೇಲೆ ಒತ್ತಿದ್ದ ನಂಬರನ್ನು ನೋಡಿ ಅವರು ಮೈಮರೆತುಹೋದರು. ಕಾರ್ಖಾನೆಯಿಂದ ಹೊರಟಾಗ ಇದ್ದ ಅದೇ ಎಂಜಿನ್ ಈಗಲೂ ಇರುವ ಕಾರು ನೂರಕ್ಕೊಂದು ಸಿಗುವುದಿಲ್ಲವಂತೆ.

"ತಗೊಂಡು ಎಂತ ಮಾಡ್ತೀರಿ?" ಎಂದರು ಪೊರ್ಬುಗಳು.

"ಗಾಜಿನ ಹಾಲ್ ಇದೆ ಸಾರ್, ಫುಲ್ ಏಸಿ. ಧೂಳು ಸಹ ಕೂರಲ್ಲ."

"ಓಡಿಸುದಿಲ್ವಾ?"

"ಓಡಿಸಿದ್ರೆ ವ್ಯಾಲ್ಯೂ ಬಿದ್ದೋಗತ್ತೆ ಸಾರ್."

ಪೊರ್ಬುಗಳು ಅವರಿಗೆ ಚಹಾ ಕೊಟ್ಟು, ಗೇಟಿನವರೆಗೆ ಹೋಗಿ ಕಳಿಸಿ ಬಂದರು. "ಜೀವ ಇರುವುದನ್ನು ಶವಾಗಾರಕ್ಕೆ ಕೊಡ್ಲಿಕ್ಕೆ ನನಗೆಂತ ತಲೆ ಸರಿ ಇಲ್ವಾ?" ಎಂದು ನನ್ನ ಹತ್ತಿರ ಹೇಳಿದರು.

ಆಮೇಲೆ ಅವರಿಗೆ ಹೃದಯಾಘಾತವಾಯಿತು. ಆಪರೇಷನ್ನು, ಅದರ ಮೇಲೆ ಸೋಂಕು, ಅಂತೂ ಆಸ್ಪತ್ರೆವಾಸ ಎಳೆಯುತ್ತ ಹೋಯಿತು. ಐರಿನ್ ಬಾಯಿ ಅಲ್ಲೇ ಬೆಂಚಿನ ಮೇಲೆ ಮಲಗುತ್ತಿದ್ದರು. ನಿಂತೇ ಇದ್ದರೆ ಕಾರು ಹಾಳಾಗುತ್ತದೆಂದು ಪೊರ್ಬುಗಳು ಚಡಪಡಿಸಿದಾಗ, ಬಾಯಿಯೇ "ವಾರಕ್ಕೊಮ್ಮೆ ನಾನು ಸ್ಟಾರ್ಟ್ ಮಾಡ್ತೇನೆ, ನೀವು ಸುಮ್ಮನೆ ಮಲಗಿ" ಎಂದರು. ಹಾಗೆಯೇ ಮಾಡಿದರು ಕೂಡ. ಆಸ್ಪತ್ರೆಯಿಂದ ಬಸ್ಸಿನಲ್ಲಿ ಬಂದು, ಕಾರು ಚಾಲೂ ಮಾಡಿ, ಗಂಜಿ ಕಟ್ಟಿಕೊಂಡು ವಾಪಸು ಹೋಗುತ್ತಿದ್ದರು.

ಗುಣವಾಗಿ ಮನೆಗೆ ಬಂದ ಪೊರ್ಬುಗಳು ಚಾವಿ ತಿರುಗಿಸಿದರೆ ಎಂಜಿನ್ ಮಿಸುಕಲಿಲ್ಲ. ನನ್ನನ್ನು ಕರೆದರು. ನಾನು ಕಾರಿನ ಅಡಿಗೆ ನುಗ್ಗಿ ಆಯಿಲಿನ ಬಿರಡೆ ಬಿಚ್ಚಿದೆ. ಕಪ್ಪು ಆಯಿಲಿನ ಬದಲು ಹಾಲು ಹಾಕಿದ ಕಾಫಿಯಂಥದ್ದು ಬಸಿಯಿತು. ಹೊಳೆಗೆ ಬಿದ್ದ ಗಾಡಿಗಳಲ್ಲಿ ನಾನು ಅದನ್ನು ಬೇಕಾದಷ್ಟು ನೋಡಿದ್ದೇನೆ. ಆಯಿಲಿಗೆ ನೀರು ಸೇರಿದೆ. ಮನೆಯಂಗಳದಲ್ಲಿ ನಿಂತ ಕಾರಿಗೆ ನೀರು ಎಲ್ಲಿಂದ?

ಪೊರ್ಬುಗಳು ನನಗಿಂತ ಮೊದಲು ಅರ್ಥ ಮಾಡಿಕೊಂಡರು. ಐರಿನ್ ಬಾಯಿಯ ಅಪ್ಪ ಹಂಪನಕಟ್ಟೆಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಇಟ್ಟುಕೊಂಡಿದ್ದವರು. ಬೆಳಿಗ್ಗೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ರೇಡಿಯೇಟರಿಗೆ ಹೊಯ್ಯುವುದು ಆ ಮನೆಯಲ್ಲಿ ಮಗಳ ಕೆಲಸ. ಅದಾಗದೆ ಅಪ್ಪ ಚಾವಿ ಮುಟ್ಟುತ್ತಿರಲಿಲ್ಲ. ಇಷ್ಟು ದಿನ ಒಣಗಿ ನಿಂತ ಕಾರಿಗೆ ಬಾಯಿ ಅದನ್ನೇ ಮಾಡಿದ್ದರು. ಎಂಜಿನ್ ಹತ್ತಿರ ತೆರೆಯಲು ಬರುವ ಮುಚ್ಚಳ ಒಂದೇ, ಅದು ಆಯಿಲಿನದು. ನೀರಿಲ್ಲ ಎಂದು ತಾವೇ ಎಷ್ಟು ತಮಾಷೆ ಮಾಡಿದ್ದರೂ, ಗಂಡನ ಜೀವ ಅತ್ತಿತ್ತ ಆಗುತ್ತಿದ್ದ ಹೊತ್ತಿನಲ್ಲಿ ಕೈಗೆ ನೆನಪಿದ್ದದ್ದು ಅಪ್ಪನ ಮನೆಯ ಅಭ್ಯಾಸ.

ನಾನು ಒಳಗಿನದನ್ನೆಲ್ಲ ಬಿಚ್ಚಿಸಿ ನೋಡಿದೆ. ಆ ಎಂಜಿನಿನ ಕವಚ ಹಗುರ ಲೋಹದ್ದು, ನೀರನ್ನು ತಡೆಯುವುದಲ್ಲ. ಒಳಗೆಲ್ಲ ಬಿಳಿ ಬೂದಿ ಎದ್ದಿತ್ತು, ಬೆರಳಿಟ್ಟರೆ ಉದುರುತ್ತಿತ್ತು. ಬೇರೆಯವರ ಕಾರಾಗಿದ್ದರೆ ನಾನು ಅಲ್ಲೇ ಗುಜರಿ ಎಂದು ಬರೆಯುತ್ತಿದ್ದೆ.

"ಅವಳಿಗೆ ಗೊತ್ತಾಗ್ಬಾರ್ದು ಶೆಟ್ರೇ" ಎಂದರು ಪೊರ್ಬುಗಳು. "ನನ್ನನ್ನು ಬದುಕಿಸಿದ ಕೈ ಅದು. ಜರ್ಮನಿಯಿಂದ ಒಂದು ಪಾರ್ಟ್ ಬರ್ಲಿಕ್ಕುಂಟು ಅಂತ ಹೇಳ್ತೇನೆ. ನೀವೂ ಅದನ್ನೇ ಹೇಳಿ."

ಹೇಳಿದೆ. ಅವತ್ತು ಅದು ಬಹಳ ದೊಡ್ಡತನವೆಂದು ನನಗೆ ಕಂಡಿತು.

ಆ ಪಾರ್ಟ್ ನಮ್ಮ ಎರಡು ಮನೆಗಳ ನಡುವೆ ಒಂದು ಕಾಯಂ ಮಾತಾಯಿತು. ಬೇಲಿಯ ಹತ್ತಿರ ಕಂಡಾಗಲೆಲ್ಲ ಐರಿನ್ ಬಾಯಿ "ಪಾರ್ಟ್ ಎಂತಾಯ್ತು ಶೆಟ್ರೇ?" ಎನ್ನುವರು, ನಾನು ಹಡಗಿನ ಮೇಲೆ, ಕಸ್ಟಮ್ಸಿನ ಮೇಲೆ ಹಾಕಿ ತಪ್ಪಿಸಿಕೊಳ್ಳುವೆ. ಕಳೆದ ವಸ್ತು ಹುಡುಕಿಕೊಡುವ ಸಂತ ಅಂತೋನಿಯ ಮುಂದೆ ಅವರು ಆ ಪಾರ್ಟಿಗಾಗಿ ಮೇಣದ ಬತ್ತಿ ಹಚ್ಚತೊಡಗಿದರು. ಅದನ್ನು ಕೇಳಿದ ದಿನ ಪೊರ್ಬುಗಳು ಊಟ ಬಿಟ್ಟು ಎದ್ದರಂತೆ. ವರ್ಷ ಹೋದ ಹಾಗೆ ಅವರ ಮಾತು ಕಡಿಮೆಯಾಯಿತು. ಸುಳ್ಳನ್ನು ಕಾಯುವುದಕ್ಕೆ ಬಾಯಿ ಮುಚ್ಚಿದವರು ಉಳಿದ ಮಾತಿಗೂ ತೆರೆಯಲಿಲ್ಲ. ಸಂಜೆ ಜಗಲಿಯಲ್ಲಿ ಇಬ್ಬರೂ ಕೂತಿರುತ್ತಿದ್ದರು, ಒಬ್ಬರು ರಸ್ತೆ ನೋಡುತ್ತ, ಒಬ್ಬರು ಗಂಡನ ಮುಖ ನೋಡುತ್ತ. ಹೇಳಿಬಿಡಿ ಎಂದು ನಾನು ಒಮ್ಮೆ ಒತ್ತಾಯಿಸಿದೆ. "ಈಗ ಹೇಳಿದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂತ ಬರ್ತದೆ" ಎಂದರು. ಅಲ್ಲಿಗೆ ದಾರಿ ಮುಚ್ಚಿತು.

ಕಳೆದ ವರ್ಷ ಪೊರ್ಬುಗಳು ನಿದ್ದೆಯಲ್ಲೇ ಹೋದರು.

ಸುದ್ದಿ ತಿಳಿದು ಪ್ರಸಾದ್ ಮತ್ತೆ ಬಂದರು. ಐರಿನ್ ಬಾಯಿ ನನ್ನನ್ನೂ ಕರೆಸಿದ್ದರು. ನಾನು ಗೇಟು ದಾಟುವಷ್ಟರಲ್ಲಿ ಪ್ರಸಾದ್ ಹಿಂದಿನ ಡಿಕ್ಕಿ ಎತ್ತಿ, ಆಯಿಲಿನ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು ನೋಡುತ್ತಿದ್ದರು. ಕೈಸನ್ನೆ ಮಾಡಿದೆ, ಅವರು ನೋಡಲಿಲ್ಲ.

"ಅಯ್ಯೋ, ಯಾರ್ರೀ ಇದರ ಆಯಿಲಿಗೆ ನೀರು ಹಾಕಿದ್ದು? ಎಂಜಿನ್ ಪೂರ್ತಿ ತಿಂದುಹಾಕಿದೆ" ಎಂದರು.

ಪ್ರಸಾದರ ತಪ್ಪಲ್ಲ. ಟಾರ್ಚ್ ಆರಿಸಿ, ಬರುತ್ತೇನಮ್ಮ ಎಂದು ಹೊರಟುಹೋದರು. ಐರಿನ್ ಬಾಯಿ ಜಗಲಿಯ ಮೆಟ್ಟಿಲ ಮೇಲೆ ಕೂತರು. ನಾನು ತೋಚಿದ್ದನ್ನೆಲ್ಲ ಹೇಳಿದೆ. ಕಾರು ಹಳೆಯದು, ಹೇಗೂ ಹೋಗುವುದಿತ್ತು, ಪೊರ್ಬುಗಳಿಗೆ ಬೇಸರವೇ ಇರಲಿಲ್ಲ, ನಿಮಗೆ ನೋವಾಗಬಾರದೆಂದು, ಹೀಗೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆಸ್ಪತ್ರೆಯಿಂದ ಬಂದ ಮೇಲೆ ಅವರು ನನ್ನ ಹತ್ರ ಮಾತೇ ಬಿಟ್ರು. ನಾನು ಎಂತ ತಪ್ಪು ಮಾಡಿದೆ ಅಂತ ಎಷ್ಟು ಸಲ ಕೇಳಿದ್ದೇನೆ. ಎಂತ ಇಲ್ಲ, ಎಂತ ಇಲ್ಲ ಅಂತ್ಲೇ ಹೇಳಿದ್ರು. ನನ್ನ ಮೇಲೆ ಮನಸ್ಸೇ ಹೋಯ್ತು ಅಂದ್ಕೊಂಡೆ ಶೆಟ್ರೇ. ಹಾಗೆ ಅಂದ್ಕೊಂಡೇ ಮಣ್ಣು ಕೊಟ್ಟು ಬಂದೆ."

ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ.

"ಒಂದು ಸಲ ಬೈದಿದ್ರೆ ಆಗ್ತಿತ್ತು" ಎಂದರು ಐರಿನ್ ಬಾಯಿ. "ಈಗ ಬೈಲಿಕ್ಕೂ ಅವರಿಲ್ಲ."