ಜಗಲಿ ಮ್ಯಾಲಿನ ಜಪಾನಿ ಕತ್ತಿ

ದಾಂಡೇಲ್ಯಾಗ ನಮ್ಮ ಮನಿ ದೇವರ ಜಗಲಿ ಮ್ಯಾಲೆ ಒಂದು ಜಪಾನಿ ಕತ್ತಿ ಐತಿ. ಬೈಲಹೊಂಗಲ ಕಡೆಯಿಂದ ಸೈನ್ಯ ಸೇರಿ ಬರ್ಮಾ ಯುದ್ಧಕ್ಕ ಹೋಗಿದ್ದ ನಮ್ಮ ಅಜ್ಜ, ಅಂದ್ರ ಅವ್ವನ ಅಪ್ಪ, ತಂದದ್ದು. ಶರಣಾದ ಜಪಾನಿ ಅಧಿಕಾರಿಯೊಬ್ಬ ಕೆಳಗಿಟ್ಟ ಕತ್ತಿಯಂತ. ಅಲಗು ಆ ಅಧಿಕಾರಿ ಮನೆತನದ್ದು, ಭಾಳ ಹಳೇದು, ಮ್ಯಾಲಿನ ಸಿಂಗಾರ ಆಮ್ಯಾಲೆ ಮಾಡಿಸಿದ್ದು ಅಂತ ಅಜ್ಜ ಹೇಳ್ತಿದ್ದ. ಸಿಂಗಾರ ಅಂದ್ರ ಸಿಂಗಾರನ ಬಿಡ್ರಿ. ಕಂದು ಅರಗಿನ ಒರೆ, ಹಿಡಿಕಿಗೆ ಜಡಿ ಹೆಣದಂಗ ಸುತ್ತಿದ ರೇಷ್ಮಿ ದಾರ, ದಾರದ ಸಂದ್ಯಾಗ ಸಣ್ಣ ಹಿತ್ತಾಳಿ ಶೇವಂತಿ. ಅಜ್ಜನ ನೆನಪಂತ ಅವ್ವನ ಹತ್ರ ಉಳದದ್ದು ಇದೊಂದ.

ಪ್ರತಿ ವರ್ಷ ಖಂಡೇನವಮಿಗೆ ಮಿಲ್ಲಿನಾಗ ಫಿಟ್ಟರ್ ಆಗಿರೂ ಅಣ್ಣನ ನಟ್ಟು ಬಿಗಿಯೂ ಪಾನಾ, ಅಡಗಿಮನಿ ಇಳಗಿ ಜೋಡಿ ಇದನ್ನೂ ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದು, ಈಬತ್ತಿ ಹಚ್ಚಿ ಪೂಜಾ ಮಾಡ್ತೇವಿ. ಇಂಥಾ ಕತ್ತಿಗೆ ನೀರು ಸೋಕಿಸಬಾರದಂತ ತಿಳದವರು ಅಂತಾರ. ನಮ್ಮ ಮನ್ಯಾಗ ಯಾರ್ ಕೇಳ್ಬೇಕು?

ಹೋದ ವರ್ಷ ತೊಳಿಯೂ ಮುಂದ ಹಿಡಿಕಿ ದಾರ ಹರೀತು. ಒಳಗ ಬೆಳ್ಳಗ, ಸಾಬೂದಾಣಿ ಅಂಟಿಸಿದಂಗ ಖರಬರ ಚರ್ಮ. ನಾ ಫೋನಿನ್ಯಾಗ ಹುಡುಕಿ, ಇದು ತೊರಕೆ ಮೀನಿನ ಚರ್ಮ ಅಂತ ಎಲ್ಲಾರ ಮುಂದ ಓದಿ ಹೇಳಿದೆ.

ಅಣ್ಣನ ಹೆಂಡತಿ, ನಮ್ಮ ವೈನಿ, ಕೈಯಾಗ ಹಿಡದಿದ್ದ ಈಬತ್ತಿ ತಟ್ಟಿ ಕೆಳಗಿಟ್ಟುಬಿಟ್ರು. ನಾವು ತತ್ತಿ ಸೈತ ಹೊಸ್ತಿಲ ದಾಟಿಸದ ಲಿಂಗಾಯತರು, ಉಳವಿಗೆ ನಡಕೊಳ್ಳೂ ಮಂದಿ. ಇಷ್ಟು ವರ್ಷ ದೇವರ ಮಗ್ಗಲ ಮೀನು ಇಟ್ಟು ಎಡಿ ಹಿಡದೇವಲ್ಲ ಅಂತ ಅವರಿಗೆ ಅಳುನ ಬಂತು. ಕತ್ತಿ ಹೊರಗ ಹೋಗೂತನಕ ಜಗಲಿಗೆ ಎಡಿ ಇಡೂದಿಲ್ಲ ಅಂದ್ರು. ಅಣ್ಣ, ಅಟ್ಟದ ಮ್ಯಾಲರ ಇಡೂಣು ಅಂದ. ನನಗ ಇಬ್ಬರ ಮ್ಯಾಲೂ ಸಿಟ್ಟು ಬಂತು. ವೈನಿ ಹೇಳೂದರಾಗ ಸುಳ್ಳೇನಿರಲಿಲ್ಲ, ಅದಕ್ಕ ಇನ್ನಷ್ಟು ಸಿಟ್ಟು.

ಅವ್ವ ಕತ್ತಿ ತೊಡಿ ಮ್ಯಾಲೆ ಇಟ್ಕೊಂಡು ಹರದ ದಾರ ತಾನ ಸುತ್ತಿಕೋತ ಕುಂತಿದ್ದಳು. ಸುತ್ತು ಸರಿ ಬರಲಿಲ್ಲ, ಬಿಚ್ಚಿ ಮತ್ತ ಸುತ್ತಿದಳು. ಆಮ್ಯಾಲೆ ಸೊಸಿಗೆ ಹೇಳಿದಳು:

"ಬರ್ಮಾದ ಅಡವ್ಯಾಗ ಏನು ತಿಂದು ಜೀವಾ ಉಳಿಸ್ಕೊಂಡಿ ಅಂತ ನಮ್ಮಪ್ಪಗ ನಮ್ಮವ್ವ ಒಂದಿನಾನೂ ಕೇಳಲಿಲ್ಲ ನೋಡವಾ. ಬಂದ ದಿನಾನ ಒಳಗ ಕರದು ಉಣ್ಣಾಕ ಹಾಕಿದಳು."

ವೈನಿ ಈಬತ್ತಿ ತಟ್ಟಿ ಎತ್ತಿ ಜಗಲಿ ಮ್ಯಾಲೆ ಇಟ್ರು. ಸೆರಗಿಲೆ ಕಣ್ಣು ಒರಸ್ಕೊಂಡು ಅಡಗಿಮನಿಗೆ ಹೋಗಿ ಹೋಳಿಗಿ ಎಡಿ ತಂದ್ರು.